ಕೆಸರಲ್ಲಿ ಕುದುರೆ ನಿಲ್ಲಿಸದ ಚೌಡ

ಕೇಳಿ, ಈ ಚೌಡನ ಕತೆ ಹೇಳುವಾಗೆಲ್ಲ ನನಗೇ ಕೈ ತುರಿಸುತ್ತದೆ, ಇನ್ನು ಹೆತ್ತವಳಿಗೆ ಹೇಗಾಗಿರಬೇಡ! ಕರಿಗಲ್ಲು ಸೀಮೆಯ ನಾಯಕನ ಕುದುರೆ ಲಾಯ. ಲಾಯದ ಪಕ್ಕಕ್ಕೆ ಒಂದು ಗುಡಿಸಲು. ಗುಡಿಸಲಲ್ಲಿ ಪಾಪಕ್ಕ, ಪಾಪಕ್ಕನಿಗೊಬ್ಬ ಮಗ, ಅವನೇ ಚೌಡ. ಆಳು ಬಾಗಿಲೆತ್ತರ ಬೆಳೆದಿದ್ದ. ಬುದ್ಧಿ ಹಂಚುವಾಗ ಎಲ್ಲಿ ಹೋಗಿದ್ದನೋ ಪುಣ್ಯಾತ್ಮ! ಹೇಳಿದ ಕೆಲಸ ಮಾಡುತ್ತಿರಲಿಲ್ಲ ಅಂತಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಅವನ ರೋಗ.

ಚೌಡನ ಅಪ್ಪ ಆ ಲಾಯದ ಆಳು. ಅವನು ತೀರಿಕೊಂಡ ಮೇಲೆ ನಾಯಕ ಪಾಪಕ್ಕನನ್ನು ಕರೆಸಿದ.

"ನೋಡು ಪಾಪಕ್ಕ, ಗುಡಿಸಲು ಲಾಯದ ಆಳಿಗೆ ಸೇರಿದ್ದು. ಬನ್ನಿಹಬ್ಬದ ತನಕ ನಿನ್ನ ಮಗನ್ನ ನೋಡ್ತೀನಿ. ಕುದುರೆ ಕೆಲಸ ಬಂತೋ, ಇರಿ. ಬರಲಿಲ್ವೋ, ಗಂಟುಮೂಟೆ ಕಟ್ಟಿ!"

"ಬರ್ತದೆ ಬುದ್ಧಿ, ಬರ್ತದೆ," ಅಂದಳು ಪಾಪಕ್ಕ. ಅನ್ನದೆ ಏನು ಮಾಡಿಯಾಳು? ತವರಿಲ್ಲ, ನೆಂಟರಿಲ್ಲ, ಆ ಗುಡಿಸಲು ಬಿಟ್ಟರೆ ತಲೆ ಮೇಲೆ ಆಕಾಶವೇ ಸೂರು. ಆ ಆಕಾಶವೋ, ಹಸ್ತೆ ಮಳೆ ಹಿಡಿದು ತೂತು ಬಿದ್ದ ಹಾಗೆ ಸೋರುತ್ತಿತ್ತು.

ಮೊದಲ ದಿನ ಚೌಡ ನಾಯಕನ ಬಿಳಿ ಹೆಣ್ಣುಕುದುರೆಯನ್ನು ಮೇಯಿಸಲು ಹೊರಟ. ಪಾಪಕ್ಕ ಗಂಡನ ಕಂಬಳಿ ಕೊಟ್ಟು, "ಇರೋದೊಂದು ಕಂಬಳಿ, ನೆನೀದಂಗೆ ನೋಡ್ಕೋ" ಅಂದಳು.

"ಆಗಲವ್ವ, ಹಂಗೇ ಮಾಡ್ತೀನಿ."

ಬಯಲಿಗೆ ಹೋದ. ಮಳೆ ಹುಯ್ಯಿತು. ಕಂಬಳಿಯನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಕುದುರೆಯ ಹೊಟ್ಟೆಯಡಿ ಕುಕ್ಕುರುಗಾಲಲ್ಲಿ ಕೂತ! ಕುದುರೆ ಒಂದು ಹೆಜ್ಜೆ ಇಟ್ಟರೆ ಇವನೂ ಒಂದು ಹೆಜ್ಜೆ ತೆವಳಿದ. ಸಂಜೆಗೆ ಕಂಬಳಿ ಬೆಚ್ಚಗಿತ್ತು, ಕುದುರೆ ಗಡಗಡ ನಡುಗುತ್ತಿತ್ತು.

ಪಾಪಕ್ಕನ ಮೈ ಉರಿದುಹೋಯಿತು. "ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ! ಕಂಬಳಿಗೆ ಜೀವ ಐತೇನೋ? ಒದ್ದೆ ಆದದ್ದು ಕಂಡ್ರೆ ಒಣಹುಲ್ಲಲ್ಲಿ ಉಜ್ಜಬೇಕು, ಕಂಬಳಿ ಹೊದಿಸಬೇಕು, ಬೆಂಕಿ ಮಗ್ಗುಲಿಗೆ ಇಡಬೇಕು, ತಿಳೀತಾ?"

"ಆಗಲವ್ವ, ಹಂಗೇ ಮಾಡ್ತೀನಿ."

ಮಾಡಿದ, ಮಾಡದೆ ಬಿಟ್ಟಾನೆಯೇ! ಮಾರನೇ ಬೆಳಿಗ್ಗೆ ನಾಯಕ, "ಕುದುರೆಗೆ ಹುರುಳಿ ನೆನೆಹಾಕಿದೆ, ಹೋಗಿ ಹಾಕು" ಅಂದ. ಚೌಡ ಹಂಡೆಯೊಳಗೆ ಇಣುಕಿದ. ಹುರುಳಿಯೆಲ್ಲ ಒದ್ದೆ! "ಅಯ್ಯೋ ಪಾಪ" ಅಂದವನೇ ನೀರು ಬಸಿದು, ಒಣಹುಲ್ಲು ತಂದು ಹುರುಳಿಯನ್ನು ತಿಕ್ಕಿದ. ಕಂಬಳಿ ಹೊದಿಸಿದ. ಬೆಂಕಿಯ ಮಗ್ಗುಲಿಗೆ ಇಟ್ಟ. ಹುರುಳಿ ಚಟಪಟ ಸಿಡಿಯಿತು, ಕಂಬಳಿ ಹೊತ್ತಿಕೊಂಡಿತು. ಪಾಪಕ್ಕ ಹೊಗೆ ಕಂಡು ಓಡಿಬಂದಾಗ ಕುದುರೆ ಗೋಡೆ ನೆಕ್ಕುತ್ತ ನಿಂತಿತ್ತು.

"ನನ್ನ ಗಂಡನ ಕಂಬಳಿ! ಸುಟ್ಟು ಹಾಕಿದ್ಯಲ್ಲೋ ಪಾಪಿ!" ಪೊರಕೆ ಹಿಡಿದು ಲಾಯದ ಸುತ್ತ ಅಟ್ಟಿಸಿಕೊಂಡು ಹೋದಳು. ಅವನು ಸಿಗಲಿಲ್ಲ, ಇವಳಿಗೆ ಏದುಸಿರು ಬಂತು. "ತಿನ್ನೋದನ್ನ ಯಾರಾದ್ರೂ ಒಣಗಿಸ್ತಾರೇನೋ? ಚೀಲಕ್ಕೆ ಹಾಕು, ಚೀಲಾನ ಮೂತಿಗೆ ಕಟ್ಟು. ಕೆಸರಿಗೆ ಒಂದು ಕಾಳು ಬೀಳಬಾರದು. ತಿಂದು ಮುಗಿಸೋತನಕ ಬಿಚ್ಚಬೇಡ!"

"ಆಗಲವ್ವ, ಹಂಗೇ ಮಾಡ್ತೀನಿ."

ಮಧ್ಯಾಹ್ನ ಕುದುರೆಗಳಿಗೆ ಲಾಳ ಕಟ್ಟುವ ಬುಡೇನ್ ಸಾಬ ಬಂದ. ಮಳೆಯಲ್ಲಿ ದೂರದಿಂದ ನಡೆದು ಬಂದ ಮುದುಕ, ಹಸಿದಿದ್ದ. "ಸಾಬಣ್ಣನಿಗೆ ಊಟಕ್ಕೆ ಹಾಕೋ" ಅಂದ ನಾಯಕ. ಚೌಡ ಚೀಲಕ್ಕೆ ಮುದ್ದೆ ಹಾಕಿದ, ಮೇಲೆ ಬಿಸಿ ಸೊಪ್ಪಿನ ಸಾರು ಹುಯ್ದ. ಬೆನ್ನ ಹಿಂದಿನಿಂದ ಬಂದು ಸಾಬಣ್ಣನ ಮೂತಿಗೆ ಕಟ್ಟಿಯೇಬಿಟ್ಟ! ಸಾರು ಗಡ್ಡದಲ್ಲಿಳಿದು ಎದೆ ಸುಟ್ಟಿತು. "ಹ್ಞೂಂ! ಹ್ಞೂಂ!" ಅಂತ ಮುದುಕ ಕುಣಿದಾಡಿದ.

"ತಿನ್ನು ಸಾಬಣ್ಣ, ತಿನ್ನು. ಮುಗೀಲಿ, ಬಿಚ್ತೀನಿ," ಅಂತ ಚೌಡ ಅವನ ಬೆನ್ನು ಸವರಿದ.

ಸಾಬಣ್ಣ ಲಾಳವನ್ನೂ ಕಟ್ಟಲಿಲ್ಲ, ಇನ್ನು ಈ ಲಾಯಕ್ಕೆ ಕಾಲಿಡುವುದಿಲ್ಲ ಅಂತ ಉಗಿದು ಹೋದ. ಪಾಪಕ್ಕ ಹೋಗಿ ಅವನ ಕಾಲು ಹಿಡಿದಳು, ಅವನು ಕೇಳಲಿಲ್ಲ. ಬಂದವಳೇ ಮಗನ ಬೆನ್ನಿಗೆ ಗುದ್ದಿದಳು. ಗುದ್ದಿ ಗುದ್ದಿ ಅವಳ ಕೈಯೇ ನೋಯಿತು.

"ದೊಡ್ಡೋರ ಮೈ ಮುಟ್ತೀಯೇನೋ? ಇನ್ಮೇಲೆ ದೂರ ನಿಂತ್ಕೋ! ಕೈ ಕಟ್ಕೋ! 'ನಿಮ್ಮಿಷ್ಟ ಬಂದಂಗೆ ಆಗಲಿ' ಅನ್ನು! ಅಷ್ಟೇ ಮಾಡು, ಬೇರೇನೂ ಮಾಡಬೇಡ!"

"ಆಗಲವ್ವ, ಹಂಗೇ ಮಾಡ್ತೀನಿ."

ಬನ್ನಿಹಬ್ಬಕ್ಕೆ ಒಂದೇ ದಿನ ಉಳಿದಿತ್ತು. ಮಳೆ ಸ್ವಲ್ಪ ಬಿಟ್ಟಾಗ ನಾಯಕ ಕುದುರೆ ಹತ್ತಿ ಅಂಗಳದಲ್ಲಿ ಒಂದು ಸುತ್ತು ನೋಡೋಣ ಅಂತ ಹೊರಟ. ಜೀನಿನ ಪಟ್ಟಿ ಸಡಿಲವಾಗಿತ್ತು. ಕುದುರೆ ತಿರುಗಿತು, ಜೀನು ವಾಲಿತು, ಜೀನಿನ ಮೇಲಿದ್ದ ನಾಯಕನೂ ವಾಲಿದ.

"ಲೋ ಚೌಡ, ಹಿಡಿಯೋ!"

ಚೌಡ ದೂರ ಸರಿದ. ಕೈ ಕಟ್ಟಿಕೊಂಡ. "ನಿಮ್ಮಿಷ್ಟ ಬಂದಂಗೆ ಆಗಲಿ ಬುದ್ಧಿ."

"ಬೀಳ್ತಿದ್ದೀನಿ ಕಣೋ!"

"ನಿಮ್ಮಿಷ್ಟ ಬಂದಂಗೆ ಆಗಲಿ ಬುದ್ಧಿ."

ದೊಪ್ಪನೆ ಬಿದ್ದ ನಾಯಕ! ಕಿರೀಟದಂಥ ರುಮಾಲಿನ ತುಂಬ ಲದ್ದಿ. ಎದ್ದವನು ಪಾಪಕ್ಕನ ಗುಡಿಸಲ ಬಾಗಿಲಿಗೇ ಬಂದ. "ನಾಳೆ ಬನ್ನಿ. ನಾಳೆ ಒಂದು ತಪ್ಪಾದ್ರೂ ಚಾವಡೀಲಿ ಹತ್ತು ಜನರ ಮುಂದೆ ಹೇಳಿ ನಿಮ್ಮನ್ನ ಆಚೆ ಹಾಕಿಸ್ತೀನಿ!"

ಪಾಪಕ್ಕ ಅವತ್ತು ಪೊರಕೆ ಹಿಡಿಯಲಿಲ್ಲ. ಹೊಡೆಯುವ ಸಿಟ್ಟೂ ಮೀರಿ ಹೋಗಿತ್ತು. ಇಂಥವನನ್ನು ಹೆತ್ತ ಹೊಟ್ಟೆಗೆ ಬೆಂಕಿ ಬೀಳ ಅಂತ ತನ್ನನ್ನೇ ಬೈದುಕೊಂಡಳು. ಆಮೇಲೆ ಮಗನನ್ನು ಎದುರಿಗೆ ಕೂರಿಸಿಕೊಂಡು ಹಲ್ಲು ಕಚ್ಚಿ ಹೇಳಿದಳು.

"ಕೇಳೋ ಕತ್ತೆ. ಜಾರೋದನ್ನ ಹಗ್ಗ ಹಾಕಿ ಬಿಗಿಯಾಗಿ ಕಟ್ಟು. ಕಡಿವಾಣ ಹಿಡಿದು ಮುಂದೆ ನಡಿ. ಇದು ಎರೆ ನೆಲ, ಕೆಸರಲ್ಲಿ ನಿಂತ ಕುದುರೆ ಕಾಲು ಹೂತು ಹೋಗ್ತದೆ. ಕೆಸರಲ್ಲಿ ಕುದುರೆ ನಿಲ್ಲಿಸಬೇಡ! ಜನ ನೂರು ಹೇಳ್ತಾರೆ, ಯಾರ ಮಾತೂ ಕೇಳಬೇಡ!"

"ಆಗಲವ್ವ, ಹಂಗೇ ಮಾಡ್ತೀನಿ."

ಬನ್ನಿಹಬ್ಬದ ದಿನ ಕುದುರೆಗೆ ಅರಿಸಿನ ಕುಂಕುಮ ಹಚ್ಚಿದರು, ಚೆಂಡುಹೂವಿನ ಹಾರ ಹಾಕಿದರು. ಆ ಸೀಮೆಯಲ್ಲಿ ಒಂದು ಕಟ್ಟುಪಾಡು: ಪೂಜೆಯಾದ ಕುದುರೆಯ ಕಡಿವಾಣವನ್ನು ಅವತ್ತು ಲಾಯದ ಆಳು ಬಿಟ್ಟು ಇನ್ಯಾರೂ ಮುಟ್ಟುವಂತಿಲ್ಲ. ನಾಯಕ ಹತ್ತಿ ಕೂತ. ಚೌಡ ಹಗ್ಗ ತಂದು ನಾಯಕನ ಸೊಂಟ, ತೊಡೆ ಎಲ್ಲ ಸೇರಿಸಿ ಜೀನಿಗೆ ಬಿಗಿದು, ಗಂಟನ್ನು ಕುದುರೆಯ ಹೊಟ್ಟೆಯಡಿಗೆ ಹಾಕಿದ.

"ಏನೋ ಇದು?"

"ಜಾರದಂಗೆ, ಬುದ್ಧಿ."

ನಾಯಕನ ಸೊಂಟ ನೆನ್ನೆ ಬಿದ್ದದ್ದಕ್ಕೆ ಇನ್ನೂ ನೋಯುತ್ತಿತ್ತು. "ಪರವಾಗಿಲ್ಲ, ಬುದ್ಧಿ ಬಂದೈತೆ" ಅಂದ. ಪಾಪಕ್ಕನ ಕಣ್ಣಲ್ಲಿ ನೀರು ಬಂತು. ಗುಡಿಸಲು ಉಳಿಯಿತು ಅಂದುಕೊಂಡಳು.

ತಮಟೆ ಮೊಳಗಿತು, ಮಳೆ ಸುರಿಯಿತು, ಕುದುರೆ ಹೊರಟಿತು. ಬನ್ನಿಮರದ ಹತ್ತಿರ ಊರೇ ಆರತಿ ಹಿಡಿದು ನಿಂತಿತ್ತು. ಚೌಡ ನೆಲ ನೋಡಿದ. ಕೆಸರು! ನಿಲ್ಲಿಸಲಿಲ್ಲ. ಆರತಿ ದಾಟಿದ, ಮರ ದಾಟಿದ.

"ನಿಲ್ಲಿಸೋ!" ಅಂದ ನಾಯಕ. ಚೌಡ ನಡೆದ. "ನಿಲ್ಲಿಸೋ!" ಅಂದಿತು ಊರು. ಚೌಡ ನಡೆದ. ಕಡಿವಾಣಕ್ಕೆ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲ. ಪಾಪಕ್ಕ ಸೀರೆ ಎತ್ತಿ ಕಟ್ಟಿ ಓಡಿದಳು, ಎದೆ ಬಡಿದುಕೊಂಡು ಓಡಿದಳು.

"ನಿಲ್ಲೋ ಮನೆಹಾಳ! ನಿಮ್ಮವ್ವ ಹೇಳ್ತಿದ್ದೀನಿ, ನಿಲ್ಲೋ!"

"ಇಲ್ಲೂ ಕೆಸರೇ ಐತೆ ಕಣವ್ವ!" ಅಂತ ಚೌಡ ಕೂಗಿ ಹೇಳಿದ, ಹಿಂದೆ ತಿರುಗದೆ.

"ಪಾಪಕ್ಕ! ಚಾವಡಿಗೆ ಬರ್ಲಿ ನಾನು! ಗುಡಿಸಲು ಖಾಲಿ ಮಾಡಿಸ್ತೀನಿ!" ನಾಯಕನ ಕೂಗು ಗಡಿಕಲ್ಲು ದಾಟಿತು, ಹಳ್ಳ ದಾಟಿತು, ಸಣ್ಣಗಾಯಿತು, ಮಳೆಯಲ್ಲಿ ಅಳಿಸಿಹೋಯಿತು.

ಊರಿನ ಹತ್ತು ಜನ ಚಾವಡಿಯಲ್ಲಿ ಕೂತು ಕಾದರು. ಖಾಲಿ ಮಾಡು ಅನ್ನಬೇಕಾದವನು ಬಂದರೆ ತಾನೇ! ಒಂದು ದಿನ ಆ ದಾರಿಯಲ್ಲಿ ಬಂದ ಬಳೆಗಾರನೊಬ್ಬ ಹೇಳಿದ: ಎರಡು ಸೀಮೆ ಆಚೆ ಒಂದು ಬಿಳಿ ಕುದುರೆ ಕಂಡೆ, ಮೇಲೊಬ್ಬ ಬೈಯುತ್ತಿದ್ದ, ಮುಂದೊಬ್ಬ ನಡೆಯುತ್ತಿದ್ದ.

ಪಾಪಕ್ಕ ಅವನನ್ನು ತಡೆದು ಕೇಳಿದಳು. "ಅಲ್ಲಿ ಮಳೆ ನಿಂತೈತಾ?"

"ಎಲ್ಲಿ ತಾಯಿ, ಸುರೀತಾನೇ ಐತೆ."

"ಹಾಳಾದವನು!" ಅಂತ ಒಂದು ಸಲ ಉಗಿದಳು ಪಾಪಕ್ಕ. ಉಗಿದು, ಒಳಗೆ ಹೋಗಿ, ತನ್ನ ಗುಡಿಸಲ ನೆಲವನ್ನು ಹಸನಾಗಿ ಸಾರಿಸಿದಳು.