ಸೆರಗಿನ ಗಂಟು

ಹೊಳೆ ಮಠದ ಮೆಟ್ಟಿಲು ಮುಟ್ಟಿ ಹರಿಯುತ್ತಿದ್ದ ಕಾಲ. ಮನಸ್ಸು ಕದಡಿದವರನ್ನು ಮನೆಯವರು ಆ ಮಠಕ್ಕೆ ಕರೆತಂದು, ಅಲ್ಲೇ ಬಿಡಾರ ಹೂಡುತ್ತಿದ್ದರು.

ಅಂದು ಶಿಷ್ಯ ಸಿದ್ಧಮಲ್ಲನಿಗೆ ಬೆಳಗಿನಿಂದ ಗಂಟಲಲ್ಲಿ ಒಂದು ತುತ್ತೂ ಇಳಿದಿರಲಿಲ್ಲ.

ಅರಸ ಗುರುಗಳಿಗೆ ಹೇಳಿಕಳಿಸಿದ್ದ: “ನಮ್ಮದು ಬಡ ರಾಜ್ಯ, ವೈದ್ಯರು ಬೆರಳೆಣಿಕೆ. ಮನಸ್ಸಿನ ಕಾಯಿಲೆಯಲ್ಲಿ ಅವರು ಮೊದಲು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು? ಒಂದೇ ಒಂದನ್ನು ಹೇಳಿ.”

ಆ ಪ್ರಶ್ನೆಯನ್ನು ಒಯ್ಯಲು ಸಂಜೆಗೆ ದೋಣಿ ಬರುವುದಿತ್ತು. ಗುರುಗಳೋ, ಆ ಹೊರೆಯನ್ನು ಶಿಷ್ಯನ ತಲೆಗೆ ಹೊರಿಸಿ ಹಾಯಾಗಿ ಎಲೆ ಅಡಿಕೆ ಮೆಲ್ಲುತ್ತಿದ್ದರು.

“ಗುರುಗಳೇ, ತಪ್ಪು ಪ್ರಶ್ನೆ ಕಳಿಸಿದರೆ ಏನು ಗತಿ? ವೈದ್ಯರ ಆಯುಸ್ಸೆಲ್ಲ ಅದರಲ್ಲೇ ಸವೆಯುತ್ತೆ. ಇಲ್ಲಿಯ ಜನ ಇಲ್ಲೇ ಕೊರಗ್ತಾರೆ.”

“ನೀನೇನು ಯೋಚಿಸಿದ್ದೀಯ ಮಗಾ?”

“ಕಾಯಿಲೆ ಹುಟ್ಟೋದು ತಲೆಯಲ್ಲೋ, ಎದೆಯಲ್ಲೋ? ದೊಡ್ಡ ರಾಜ್ಯಗಳ ಪಂಡಿತರೆಲ್ಲ ಅದನ್ನೇ ಕೇಳ್ತಿದ್ದಾರಂತೆ.”

“ಪಕ್ಕದ ಮನೆಯವರ ಹಸಿವಿಗೆ ನಮ್ಮ ಒಲೆ ಮೇಲೆ ಎಸರಿಟ್ಟ ಹಾಗಾಯ್ತು,” ಎನ್ನುತ್ತಾ ಗುರುಗಳು ಎದ್ದರು.

ಮೆಟ್ಟಿಲ ಮೇಲೆ ಪುಟ್ಟೀರಮ್ಮ ಕೂತಿದ್ದಳು. ಮನಸ್ಸು ಕದಡಿದ ಮಗಳು ಚೌಡಿ ಮೈಮರೆತು ಹೊಳೆಗೆ ಇಳಿದುಬಿಟ್ಟಾಳೆಂದು, ಅವಳ ಮಣಿಕಟ್ಟಿಗೆ ತನ್ನ ಸೆರಗನ್ನು ಗಂಟು ಹಾಕಿಕೊಂಡಿದ್ದಳು.

ಗುರುಗಳು ಆ ಗಂಟು ಬಿಚ್ಚಿ, ಹುಡುಗಿಯ ಕೈಯನ್ನು ಸಿದ್ಧಮಲ್ಲನ ಶಲ್ಯಕ್ಕೆ ಕಟ್ಟಿದರು.

“ಅಯ್ಯೋ ಬುದ್ಧೀ, ಇವಳು ನಿಂತಲ್ಲಿ ನಿಲ್ಲೋಳಲ್ಲ!” ಎಂದಳು ಪುಟ್ಟೀರಮ್ಮ.

“ಬೆಳಗಿಂದ ಇವನೂ ನಿಂತಿಲ್ಲ ಕಣಮ್ಮ. ಜೋಡಿ ಸರಿಹೋಯ್ತು.”

ಚೌಡಿ ಎದ್ದರೆ ಸಿದ್ಧಮಲ್ಲ ಏಳಬೇಕು. ಅವಳು ನಡೆದರೆ ಅವನು ನಡೆಯಬೇಕು. ನೀರಿನ ಚೊಂಬು ತುಟಿಗಿಟ್ಟ, ಅವಳು ಜಗ್ಗಿದಳು, ನೀರೆಲ್ಲ ಎದೆ ಮೇಲೆ. ಕಣ್ಣು ಎಳೆಯಿತೆಂದು ಕಂಬಕ್ಕೆ ಒರಗಿದ, ಅಷ್ಟರಲ್ಲಿ ಅವಳು ಕೊನೆಯ ಮೆಟ್ಟಿಲಲ್ಲಿದ್ದಳು. ಹೇಗೆ ಎಳೆದು ತಂದನೋ ಅವನಿಗೇ ತಿಳಿಯದು.

“ಅಮ್ಮಾ, ಇವಳು ಒಂದು ಗಳಿಗೆಯಾದರೂ ಕೂರೋದು ಯಾವಾಗ?”

ಸಿದ್ಧಮಲ್ಲ ಅತ್ತ ತಿರುಗಿದ. ಪುಟ್ಟೀರಮ್ಮ ಕಲ್ಲಿಗೆ ತಲೆಯಾನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕೆನ್ನೆಯ ಮೇಲೆ ನೊಣ ಓಡಾಡುತ್ತಿದ್ದರೂ ಪರಿವೆಯಿಲ್ಲ. ಸೆರಗಿನ ತುದಿ ಮಾತ್ರ ಮುಷ್ಟಿಯಲ್ಲೇ ಇತ್ತು.

ಸಿದ್ಧಮಲ್ಲ ನೋಡುತ್ತಲೇ ನಿಂತ.

“ಗುರುಗಳೇ, ಈ ತಾಯಿ ಇಷ್ಟು ಕಾಲ ಯಾವಾಗ ಮಲಗ್ತಿದ್ದಳು?”

ಹೊತ್ತು ಇಳಿಯಿತು. ದೋಣಿ ದಡಕ್ಕೆ ತಾಗಿತು. ಅರಸನ ದೂತ ಅಲ್ಲಿಂದಲೇ ಕೂಗಿದ: “ಪ್ರಶ್ನೆ ಸಿದ್ಧವೇ ಸ್ವಾಮಿ? ಕತ್ತಲಾಗ್ತಿದೆ!”

ಸಿದ್ಧಮಲ್ಲ ಗಾಬರಿಯಾದ. ಬೆರಳು ತಾನಾಗಿ ಶಲ್ಯದ ಗಂಟಿಗೆ ಹೋಯಿತು.

“ಆ ತಾಯಿಯನ್ನು ಎಬ್ಬಿಸಿ ಗುರುಗಳೇ. ಇವಳನ್ನು ಒಪ್ಪಿಸಿ ನಾನು ದೋಣಿಗೆ ಓಡಬೇಕು.”

ಗುರುಗಳು ಅವನ ಕೈ ಹಿಡಿದರು.

“ಈ ತಾಯಿ ಯಾವಾಗ ಮಲಗ್ತಿದ್ದಳು ಅಂದೆಯಲ್ಲ, ಅದೇ ನಿನ್ನ ಪ್ರಶ್ನೆ. ಗಂಟು ಬಿಚ್ಚಿ ಹೋದರೆ, ಅದು ಇಲ್ಲೇ ಉಳಿದುಬಿಡುತ್ತೆ ಮಗಾ.”