ನೀಲಗಂಗಮ್ಮನ ಜಾಲರಿ ಜಗಲಿ

"ಗುರುಗಳೇ, ಒಬ್ಬ ಕೆಲಸಗಾರ ಒಳ್ಳೆಯವನೋ ಅಲ್ಲವೋ ಎಂದು ತಿಳಿಯಲು ಎಷ್ಟು ಜನರನ್ನು ಕೇಳಬೇಕು?"

ಕೇಳಿದವನು ಶಿಷ್ಯ ಚನ್ನಮಲ್ಲ. ಮಠದ ಮುಂದಿನ ಜಗಲಿಯಲ್ಲಿ ದಾರಿಹೋಕರೂ ಕಾಯಿಲೆಯವರೂ ಮಲಗುತ್ತಿದ್ದರು. ಸೊಳ್ಳೆ ಕಾಟ ಹೆಚ್ಚಾಗಿತ್ತು. ಜಗಲಿಯ ಸುತ್ತ ತಂತಿ ಜಾಲರಿ ಹಾಕಿಸುವುದೆಂದು ತೀರ್ಮಾನವಾಗಿ, ಗುತ್ತಿಗೆದಾರನನ್ನು ಗೊತ್ತುಮಾಡುವ ಹೊಣೆ ಚನ್ನಮಲ್ಲನ ಮೇಲೆ ಬಿದ್ದಿತ್ತು.

"ನಾನು ನಾಲ್ಕು ಮನೆಗಳಲ್ಲಿ ವಿಚಾರಿಸಿದೆ. ನಾಲ್ವರೂ ಒಬ್ಬನನ್ನೇ ಹೊಗಳಿದರು. ಇನ್ನೂ ಕೇಳಬೇಕೇ, ಇಷ್ಟು ಸಾಕೇ?" ಎಂದ.

ಗುರುಗಳು ಕೂತಿದ್ದ ಚಾಪೆಯ ಮೇಲೆ ಅವನಿಗೂ ಜಾಗ ಮಾಡಿಕೊಟ್ಟು ಈ ಕತೆ ಹೇಳಿದರು.

ದೊಡ್ಡದೊಂದು ಕೆರೆಯ ದಂಡೆಯ ಊರಿನಲ್ಲಿ ನೀಲಗಂಗಮ್ಮ ಎಂಬ ಹೆಂಗಸಿದ್ದಳು. ಮುರಿದ ಮೂಳೆ ಕೂರಿಸಿ ಕಟ್ಟು ಕಟ್ಟುವುದು ಅವಳ ಕೆಲಸ. ತಂದೆಯಿಂದ ಕಲಿತದ್ದು. ಸುತ್ತಲಿನ ಊರುಗಳಿಂದ ಜನ ಗಾಡಿಯಲ್ಲಿ, ಹೆಗಲ ಮೇಲೆ, ಮಂಚದ ಮೇಲೆ ಬರುತ್ತಿದ್ದರು. ಅವಳು ಕಣ್ಣು ಮುಚ್ಚಿ, ಬೆರಳಿನಿಂದ ಮುಟ್ಟಿ, ಮೂಳೆ ಎಲ್ಲಿ ಸರಿದಿದೆ ಎಂದು ಹೇಳುತ್ತಿದ್ದಳು. ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿ, ಮೂಳೆ ಕೂಡುವವರೆಗೆ ತನ್ನ ಜಗಲಿಯ ಮೇಲೆಯೇ ಮಲಗಿಸಿಕೊಳ್ಳುತ್ತಿದ್ದಳು. ಅವಳ ಕೈ ತಪ್ಪಿತು ಎಂದು ಊರಿನಲ್ಲಿ ಯಾರೂ ಹೇಳಿದ್ದಿಲ್ಲ.

ತೊಂದರೆ ಇದ್ದದ್ದು ಕೆರೆಯಿಂದ. ಹೊತ್ತು ಮುಳುಗುವ ಮುಂಚೆಯೇ ಸೊಳ್ಳೆಗಳು ಎದ್ದು ಬರುತ್ತಿದ್ದವು. ಎರಡೂ ತೋಳು ಕಟ್ಟಿಸಿಕೊಂಡವನು ಮುಖದ ಮೇಲೆ ಕೂತ ಸೊಳ್ಳೆಯನ್ನು ಹೇಗೆ ಓಡಿಸಬೇಕು? ಒಂದು ವರ್ಷ ಒಬ್ಬ ಕುಂಬಾರ ತಡೆಯಲಾರದೆ ಕೈ ಎತ್ತಿಬಿಟ್ಟ. ಮೂಳೆ ಸರಿಯಿತು. ಸೊಟ್ಟಗೆ ಕೂಡಿಕೊಂಡಿತು. ಆ ಕೈಯಿಂದ ಮಡಕೆಯ ಕಂಠ ತಿರುಗಿಸಲು ಅವನಿಗೆ ಮತ್ತೆ ಆಗಲಿಲ್ಲ. ಜಗಲಿಗೆ ಜಾಲರಿ ಹಾಕಿಸಲೇಬೇಕೆಂದು ನೀಲಗಂಗಮ್ಮ ಅಂದೇ ನಿಶ್ಚಯಿಸಿದಳು.

ಇಬ್ಬರು ಬಂದು ಜಗಲಿ ನೋಡಿದರು. ಮೊದಲನೆಯವನು ಕಾಳಾಚಾರಿ ಎಂಬ ಬಡಗಿ. ಅವನು ಜಗಲಿಯ ಅಂಚಿನ ಮೇಲಿದ್ದ ತೊಲೆಗೆ ಉಳಿಯ ಹಿಡಿಯಿಂದ ಒಂದೇ ಏಟು ಹಾಕಿ, ಕಿವಿಗೊಟ್ಟು, ಮುಖ ಗಂಟಿಕ್ಕಿದ.

"ಅಮ್ಮ, ಒಳಗೆಲ್ಲ ಗೆದ್ದಲು ತಿಂದಿದೆ. ಇದನ್ನು ಬದಲಿಸದೆ ನಾನು ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಎರಡು ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಇಲ್ಲಿ ಯಾರನ್ನೂ ಮಲಗಿಸಬೇಡಿ" ಎಂದ.

ಎರಡನೆಯವನು ಪುಟ್ಟಬಸಪ್ಪ. ಊರಿನ ಗುತ್ತಿಗೆದಾರ. ಅವನು ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಬಂದ. ಮಲಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿಕೊಂಡ.

"ಕಾಳಾಚಾರಿಗೆ ಯಾವ ಮರ ನೋಡಿದರೂ ಗೆದ್ದಲೇ ಕಾಣುತ್ತದೆ. ಇರಲಿ ತಾಯಿ, ನಿಮ್ಮ ಸಮಾಧಾನಕ್ಕೆ ತೊಲೆಯನ್ನೂ ಬದಲಿಸೋಣ. ಇಪ್ಪತ್ತು ದಿನ ಕೊಡಿ. ಯಾರನ್ನೂ ಎಬ್ಬಿಸಬೇಕಾಗಿಲ್ಲ" ಎಂದ.

ಮಾತು ಹಿತವಾಗಿದೆ ಎಂಬ ಒಂದೇ ಕಾರಣಕ್ಕೆ ನಂಬುವವಳಲ್ಲ ಅವಳು. ಪುಟ್ಟಬಸಪ್ಪ ಎಲ್ಲೆಲ್ಲಿ ಜಾಲರಿ ಜಗಲಿ ಕಟ್ಟಿದ್ದಾನೆಂದು ವಿಚಾರಿಸಿ, ಮೂರು ಮನೆಗಳಿಗೆ ಹೋದಳು. ಒಂದು ಜವಳಿ ವ್ಯಾಪಾರಿಯ ಮನೆ. ಇನ್ನೊಂದು ಹೂ ಬೆಳೆಯುವವಳ ಮನೆ. ಮೂರನೆಯದು ಊರಿಗೆ ನ್ಯಾಯ ಹೇಳುವ ಹಿರಿಯರದು. ವ್ಯಾಪಾರಿ ಬಾಗಿಲಲ್ಲೇ ನಿಂತು, "ಬಹಳ ಒಳ್ಳೆಯ ಮನುಷ್ಯ, ಕಣ್ಣು ಮುಚ್ಚಿ ಕೊಡಿ" ಎಂದ. ಜಗಲಿ ಹಿತ್ತಲ ಕಡೆಗಿತ್ತು. ನೋಡಬಹುದೇ ಎಂದು ಕೇಳಿದಳು. ಒಳಗೆ ನೆಂಟರಿದ್ದಾರೆ ಎಂದ. ಉಳಿದ ಇಬ್ಬರೂ ಹೆಚ್ಚುಕಡಿಮೆ ಅದೇ ಮಾತು ಹೇಳಿದರು. ಮೂವರು ಗೌರವಸ್ಥರು ಒಂದೇ ಮಾತು ಹೇಳಿದ ಮೇಲೆ ಅನುಮಾನಪಡುವುದು ಸಣ್ಣತನವೆಂದು ಅವಳಿಗೆ ಅನ್ನಿಸಿತು. ಕೆಲಸವನ್ನು ಪುಟ್ಟಬಸಪ್ಪನಿಗೆ ಒಪ್ಪಿಸಿದಳು.

ಕೆಲಸದ ನಡುವೆ ಪಕ್ಕದೂರಿನಲ್ಲಿ ಒಬ್ಬ ಬಾವಿಗೆ ಬಿದ್ದು ಸೊಂಟ ಮುರಿದುಕೊಂಡ. ಅವನನ್ನು ನೋಡಲು ಹೋದ ನೀಲಗಂಗಮ್ಮ ಎರಡು ದಿನ ಅಲ್ಲೇ ಉಳಿದಳು. ಮಲಗಿದ್ದವರ ಮೇಲೆ ಧೂಳು ಬೀಳದಿರಲೆಂದು ಪುಟ್ಟಬಸಪ್ಪ ಬಟ್ಟೆ ಇಳಿಬಿಟ್ಟಿದ್ದರಿಂದ ಕೆಲಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ತಿರುಗಿ ಬರುವ ಹೊತ್ತಿಗೆ ತೊಲೆ ಹೊಸದರಂತೆ ಹೊಳೆಯುತ್ತಿತ್ತು. ಮುಟ್ಟಲು ಕೈ ಚಾಚಿದಳು.

"ಬಣ್ಣ ಹಸಿ ಇದೆ ತಾಯಿ, ಕೈಗೆ ಹತ್ತುತ್ತದೆ" ಎಂದ ಪುಟ್ಟಬಸಪ್ಪ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ಜಾಲರಿ ಬಂತು. ಸೊಳ್ಳೆ ನಿಂತಿತು. ಮಲಗಿದವರು ನೆಮ್ಮದಿಯಾಗಿ ನಿದ್ದೆ ಮಾಡಿದರು. ಆ ಸಮಯದಲ್ಲಿ ಜಗಲಿಯ ಮೇಲೆ ಈರಯ್ಯ ಎಂಬುವನಿದ್ದ. ತೆಂಗಿನ ಮರ ಹತ್ತಿ ಕಾಯಿ ಕೆಡಹುವುದು ಅವನ ಕಸುಬು. ಮರದಿಂದ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಮೂಳೆ ಚೆನ್ನಾಗಿ ಕೂಡುತ್ತಿತ್ತು. ಇನ್ನೆರಡು ದಿನಕ್ಕೆ ಕಟ್ಟು ಬಿಚ್ಚುವುದಿತ್ತು. ಅವನ ಹೆಂಡತಿ ಊರಿನಿಂದ ಗಾಡಿ ಹೇಳಿಟ್ಟು ಬಂದಿದ್ದಳು.

ನಡುಮಧ್ಯಾಹ್ನ ಒಂದು ಗಾಳಿ ಬೀಸಿತು. ದೊಡ್ಡ ಗಾಳಿಯೇನಲ್ಲ. ಹಗ್ಗದ ಮೇಲಿನ ಬಟ್ಟೆ ಹಾರಿಹೋಗುವಷ್ಟು, ಅಷ್ಟೇ. ಜಾಲರಿಗೆ ಗಾಳಿ ಬಡಿದು, ಅದರ ಚೌಕಟ್ಟು ತೊಲೆಯನ್ನು ಎಳೆಯಿತು. ಚೌಕಟ್ಟನ್ನು ಹಿಡಿದಿದ್ದ ಮೊಳೆಗಳು ಸಡಿಲವಾದವು. ತೊಲೆ ನಡುವೆ ಮುರಿದು, ಚೌಕಟ್ಟಿನ ಸಮೇತ ಈರಯ್ಯನ ತೊಡೆಯ ಮೇಲೆ ಬಿತ್ತು.

ನೀಲಗಂಗಮ್ಮ ಓಡಿ ಬಂದಳು. ಮುರಿದ ತೊಲೆಯಿಂದ ಮಣ್ಣು ಸುರಿಯುತ್ತಿತ್ತು. ಹೊರಗೆ ಕೂದಲೆಳೆಯಷ್ಟು ಬಣ್ಣ. ಒಳಗೆ ಗೆದ್ದಲು. ಹಳೆಯದೇ ತೊಲೆ.

"ಅಮ್ಮ, ನನ್ನ ಕಾಲು ಹೋಯಿತೇ?" ಎಂದು ಕೇಳಿದ ಈರಯ್ಯ.

ಅವಳಿಗೆ ಸಿಟ್ಟು ಉಕ್ಕಿತು. ಸಿಟ್ಟಿನ ಕೈ ಮೂಳೆ ಕೂರಿಸಲಾರದು. ಕೊಡದ ನೀರಿನಲ್ಲಿ ಎರಡೂ ಕೈ ಅದ್ದಿಕೊಂಡು, ಸಿಟ್ಟು ಇಳಿಯುವವರೆಗೆ ನಿಂತಳು. ಆಮೇಲೆ ಮತ್ತೆ ಕಟ್ಟು ಕಟ್ಟಿದಳು. ಆದರೆ ಮೂಳೆ ಈ ಸಲ ಚೂರಾಗಿತ್ತು. ಕಾಲು ಕೂಡೀತು, ಮರ ಹತ್ತುವುದು ಮಾತ್ರ ಮುಗಿಯಿತು ಎಂದು ಅವಳ ಬೆರಳುಗಳಿಗೆ ಗೊತ್ತಾಯಿತು.

ಅಲ್ಲಿಂದ ನೇರ ಪುಟ್ಟಬಸಪ್ಪನ ಬಳಿಗೆ ಹೋದಳು. ಅವನು, "ಗಾಳಿ ಬೀಸಿದ್ದಕ್ಕೆ ನಾನು ಹೊಣೆಯೇ ತಾಯಿ?" ಎಂದ. ಮೋಸಗಾರನಿಂದ ಬೇರೆ ಮಾತನ್ನು ಅವಳು ನಿರೀಕ್ಷಿಸಿರಲಿಲ್ಲ. ಅವನೊಡನೆ ಹೆಚ್ಚು ಮಾತಾಡದೆ ಜವಳಿ ವ್ಯಾಪಾರಿಯ ಮನೆಗೆ ನಡೆದಳು. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಅವನನ್ನು ದಾಟಿಕೊಂಡು ಹಿತ್ತಲಿಗೆ ಹೋದಳು. ಅಲ್ಲಿನ ಜಾಲರಿ ಜಗಲಿಯನ್ನು ಮೂರು ಬಿದಿರು ಗಳಗಳು ಎತ್ತಿಹಿಡಿದಿದ್ದವು. ಚೌಕಟ್ಟನ್ನು ತೆಂಗಿನ ನಾರಿನ ಹಗ್ಗದಿಂದ ಕಂಬಕ್ಕೆ ಬಿಗಿದಿದ್ದರು.

"ಇದು ಕುಸಿದದ್ದು ಯಾವಾಗ?"

"ಹೋದ ವರ್ಷ, ಕಟ್ಟಿದ ಎರಡನೆಯ ತಿಂಗಳು" ಎಂದ ವ್ಯಾಪಾರಿ.

"ಅಂದರೆ ನಾನು ಕೇಳಲು ಬಂದಾಗ ಇದು ಹೀಗೇ ಇತ್ತು."

ಅವನು ನೆಲ ನೋಡಿದ. "ಏನು ಹೇಳಲಿ ಅಮ್ಮ? ಒಂದೇ ಊರಿನವರು. ದಿನಾ ಮುಖ ನೋಡಬೇಕು. ಅವನ ಹೊಟ್ಟೆಯ ಮೇಲೆ ನಾನೇಕೆ ಹೊಡೆಯಲಿ? ನೀವು ಕೇಳಿದ್ದು ಮನುಷ್ಯ ಹೇಗೆ ಎಂದು. ಮನುಷ್ಯ ಒಳ್ಳೆಯವನೇ."

"ನಿಮ್ಮ ಒಳ್ಳೆಯತನ ಈಗ ನನ್ನ ಜಗಲಿಯ ಮೇಲೆ ತೊಡೆ ಮುರಿದುಕೊಂಡು ಮಲಗಿದೆ. ಬಂದು ನೋಡಿ" ಎಂದಳು ನೀಲಗಂಗಮ್ಮ.

ಅವನು ಬರಲಿಲ್ಲ.

ಹೂ ಬೆಳೆಯುವವಳು ಅತ್ತುಬಿಟ್ಟಳು. ಅವಳ ಮನೆಯ ಜಾಲರಿಯೂ ಕಿತ್ತುಬಂದಿತ್ತು. ಕೇಳಿದವರಿಗೆ ತನ್ನ ಬಗ್ಗೆ ಒಳ್ಳೆಯ ಮಾತು ಹೇಳಿದರೆ ಸರಿಮಾಡಿಕೊಡುತ್ತೇನೆ ಎಂದು ಪುಟ್ಟಬಸಪ್ಪ ಹೇಳಿದ್ದನಂತೆ. ಅವಳು ಹೇಳುತ್ತಲೇ ಇದ್ದಳು. ಅವನು ಬರಲೇ ಇಲ್ಲ. ಮೂರನೆಯ ಮನೆಗೆ ನೀಲಗಂಗಮ್ಮ ಹೋಗಲಿಲ್ಲ. ಬೇಲಿಯ ಆಚೆಯಿಂದಲೇ ಬಗ್ಗಿ ನೋಡಿದಳು. ಊರಿಗೆ ನ್ಯಾಯ ಹೇಳುವ ಹಿರಿಯರ ಜಗಲಿಯಲ್ಲಿ ಜಾಲರಿಯೇ ಇರಲಿಲ್ಲ. ಮೊಳೆ ಹೊಡೆದ ತೂತುಗಳು ಮಾತ್ರ ಇದ್ದವು.

ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಮೈ ಉರಿಯಿತು. ಮೋಸ ಮಾಡಿದವನು ಒಬ್ಬ. ಮೋಸ ಗೊತ್ತಿದ್ದೂ ಅವನ ಮನೆಬಾಗಿಲಿಗೆ ತನ್ನನ್ನು ಕಳಿಸಿಕೊಟ್ಟವರು ಮೂವರು. ಒಬ್ಬರಾದರೂ ಬಾಯಿ ಬಿಟ್ಟಿದ್ದರೆ ಈರಯ್ಯ ನಾಡಿದ್ದು ಗಾಡಿಯಲ್ಲಿ ಮನೆಗೆ ಹೋಗುತ್ತಿದ್ದ.

ಮೂರು ದಿನ ಕಳೆದು ಪುಟ್ಟಬಸಪ್ಪ ತಾನಾಗಿಯೇ ಬಂದ. ಮತ್ತೆ ಚಪ್ಪಲಿ ಬೀದಿಯಲ್ಲೇ ಬಿಟ್ಟ.

"ತಾಯಿ, ಬಿದ್ದದ್ದನ್ನು ನಾನೇ ನಿಲ್ಲಿಸಿಕೊಡುತ್ತೇನೆ. ಈ ಸಲ ನಿಜವಾಗಿ ಹೊಸ ತೊಲೆ. ನಾಳೆ ಬೆಳಿಗ್ಗೆ ಪಕ್ಕದೂರಿನಿಂದ ಒಬ್ಬ ನೇಕಾರ, ಅವನ ಹೆಂಡತಿ ನಿಮ್ಮನ್ನು ಕೇಳಲು ಬರುತ್ತಾರೆ. ಅವರಿಗೊಂದು ಜಾಲರಿ ಜಗಲಿ ಬೇಕಂತೆ. ಒಂದು ಒಳ್ಳೆಯ ಮಾತು ಹೇಳಿ, ಸಾಕು" ಎಂದ. ಆಮೇಲೆ ದನಿ ತಗ್ಗಿಸಿ, "ನೀಲಗಂಗಮ್ಮ ಕಟ್ಟಿದ ಕಾಲು ಅವಳ ಮನೆಯಲ್ಲೇ ಮತ್ತೆ ಮುರಿಯಿತು ಎಂದು ಹೊರಗೆ ಗೊತ್ತಾದರೆ ನಿಮ್ಮ ಹೆಸರೂ ಉಳಿಯುವುದಿಲ್ಲ. ಯೋಚನೆ ಮಾಡಿ" ಎಂದ.

ಅವನು ಹೋದ ಮೇಲೆ ಅವಳು ಯೋಚನೆ ಮಾಡಿದಳು. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ. ಅವಳಿಗಿದ್ದದ್ದು ಆ ಹೆಸರೊಂದೇ. ಯಾರನ್ನೂ ದೂರುವುದು ಬೇಡ, ಹೊಗಳುವುದೂ ಬೇಡ, 'ಕೆಲಸ ಪರವಾಗಿಲ್ಲ' ಎಂದರೆ ಸಾಕು ಎಂದು ಅವಳ ಮನಸ್ಸೇ ಮೆಲ್ಲಗೆ ಹೇಳಿತು. ಆ ಮಾತು ನಾಲಿಗೆಯ ತುದಿಗೆ ಬಂದಾಗ ಅವಳು ಬೆಚ್ಚಿದಳು. ವ್ಯಾಪಾರಿಯ ಮೇಲೆ ಬಂದಿದ್ದ ಸಿಟ್ಟು ಈಗ ತಿರುಗಿ ತನ್ನ ಮೇಲೆಯೇ ಬಂತು.

ಮರುದಿನ ನೇಕಾರ ಮತ್ತು ಅವನ ಹೆಂಡತಿ ಬಂದರು. ಹೆಂಡತಿಯ ತೋಳಿನಲ್ಲಿ ಎರಡು ತಿಂಗಳ ಹೆಣ್ಣುಮಗುವಿತ್ತು. ಅದರ ಕೆನ್ನೆ ತುಂಬ ಸೊಳ್ಳೆ ಕಚ್ಚಿದ ಗುರುತು. ಬೀದಿಯ ಆಚೆ ಬದಿಯಲ್ಲಿ ಪುಟ್ಟಬಸಪ್ಪ ನಗುಮುಖ ಮಾಡಿಕೊಂಡು ನಿಂತಿದ್ದ.

"ಅಮ್ಮ, ಇವರ ಕೆಲಸ ಹೇಗೆ? ನಂಬಬಹುದೇ?" ಎಂದು ನೇಕಾರ ಕೇಳಿದ.

ನೀಲಗಂಗಮ್ಮ ಇಬ್ಬರನ್ನೂ ಒಳಗೆ ಕರೆದಳು. ಮುರಿದುಬಿದ್ದ ತೊಲೆಯ ಮುಂದೆ ನಿಲ್ಲಿಸಿ, "ಮುಟ್ಟಿ ನೋಡಪ್ಪ" ಎಂದಳು. ನೇಕಾರ ಬೆರಳಿಟ್ಟ. ಬೆರಳು ಒಳಗೆ ಹೋಯಿತು. ಆಮೇಲೆ ಅವರನ್ನು ಈರಯ್ಯನ ಮಂಚದ ಬಳಿಗೆ ಕರೆದೊಯ್ದಳು.

"ಇವನ ತೊಡೆ ಕೂಡುತ್ತಾ ಬಂದಿತ್ತು. ನನ್ನ ಮನೆಯಲ್ಲಿ ಮತ್ತೆ ಮುರಿಯಿತು. ತೊಲೆ ಬದಲಿಸಿದೆನೆಂದು ಸುಳ್ಳು ಹೇಳಿ ಕಟ್ಟಿದವನು ಅಲ್ಲಿ ನಿಂತಿದ್ದಾನೆ. ಅವನನ್ನು ಆರಿಸಿದವಳು ನಾನು" ಎಂದಳು. ಬೀದಿಯವರಿಗೂ ಕೇಳುವ ಹಾಗೆ ಹೇಳಿದಳು.

ಪುಟ್ಟಬಸಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಊರು ಅವಳನ್ನು ಮೆಚ್ಚಲಿಲ್ಲ. ಅಷ್ಟು ಜನರ ಎದುರಿಗೆ ಅವನ ಮಾನ ತೆಗೆಯಬಾರದಿತ್ತು ಎಂದರು. ನ್ಯಾಯ ಹೇಳುವ ಹಿರಿಯರೇ ಮೊದಲು ಹಾಗೆ ಹೇಳಿದವರು. ವ್ಯಾಪಾರಿ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಒಂದು ವರ್ಷದವರೆಗೆ ಮುರಿದ ಕೈಕಾಲಿನವರು ಬೇರೆ ಊರಿಗೆ ಹೋದರು. ಪುಟ್ಟಬಸಪ್ಪ ಆ ಊರು ಬಿಟ್ಟು, ಅವನ ಹೆಸರು ಗೊತ್ತಿಲ್ಲದ ಸೀಮೆಗೆ ಹೋಗಿ ಅಲ್ಲಿಯೂ ಜಗಲಿ ಕಟ್ಟತೊಡಗಿದ.

ನೀಲಗಂಗಮ್ಮ ಕಾಳಾಚಾರಿಯ ಮನೆಗೆ ತಾನೇ ಹೋಗಿ ಕರೆದು ತಂದಳು. ಎರಡು ತಿಂಗಳು ಹಿಡಿಯುತ್ತದೆ ಎಂದಿದ್ದ ಅವನು ಮೂರು ತಿಂಗಳು ಮಾಡಿದ. ಅವಳು ಅವಸರಪಡಿಸಲಿಲ್ಲ. ಈರಯ್ಯನ ಕಾಲು ಎರಡು ಬೆರಳು ಗಿಡ್ಡವಾಯಿತು. ಅವನು ಹೆಂಡತಿಯೊಡನೆ ಅಲ್ಲಿಯೇ ಉಳಿದು, ಕೂತಲ್ಲೇ ಬಿದಿರು ಸೀಳಿ ದಬ್ಬೆ ಮಾಡುವುದನ್ನು ಕಲಿತ. ತೆಂಗಿನ ಗರಿ ಅಲ್ಲಾಡುವ ಸದ್ದು ಕೇಳಿದರೆ ಕೆಲಸ ನಿಲ್ಲಿಸಿ ಮೇಲೆ ನೋಡುತ್ತಿದ್ದ. ಅದನ್ನು ಕಂಡಾಗಲೆಲ್ಲ ನೀಲಗಂಗಮ್ಮ ಒಳಗೆ ಹೋಗಿಬಿಡುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಚನ್ನಮಲ್ಲನ ಮುಖ ಕೆಂಪಾಗಿತ್ತು. "ಪುಟ್ಟಬಸಪ್ಪನಿಗಿಂತ ಆ ವ್ಯಾಪಾರಿಯೇ ಕೇಡಿಗ, ಗುರುಗಳೇ! ಗಳ ಕೊಟ್ಟು ನಿಲ್ಲಿಸಿದ ಜಗಲಿಯನ್ನು ಹಿತ್ತಲಲ್ಲಿ ಇಟ್ಟುಕೊಂಡು, ಬಾಗಿಲಲ್ಲಿ ನಿಂತು ಒಳ್ಳೆಯ ಮನುಷ್ಯ ಎಂದನಲ್ಲ! ನಾಲಿಗೆ ಹೇಗೆ ಹೊರಳಿತು ಅವನಿಗೆ?"

ಗುರುಗಳು ಕೇಳಿದರು: "ಮಳೆ ಬಂದರೆ ಸೋರುವ ನಮ್ಮ ಅಡುಗೆಮನೆಯನ್ನು ಕಟ್ಟಿದವನ ವಿಚಾರ ಕೇಳಿಕೊಂಡು ಮೊನ್ನೆ ಒಬ್ಬ ರೈತ ಬಂದಿದ್ದನಲ್ಲ ಚನ್ನಮಲ್ಲ, ಅವನಿಗೆ ನೀನು ಏನು ಹೇಳಿ ಕಳಿಸಿದೆ?"