ಮುಟ್ಟದೆ ಕೆಡವೋ ವಿದ್ಯೆ

"ಮುಟ್ಟದೇನೆ ಮನುಷ್ಯನ್ನ ಕೆಡವ್ತೀನಿ ದೊರೆ. ನನ್ನ ಹತ್ರ ಕಲಿತವನಿಗೆ ಕತ್ತಿ ಬೇಡ, ಬೆವರೂ ಬೇಡ."

ಕಲ್ಲೂರು ಕೋಟೆಯ ಆಸ್ಥಾನದಲ್ಲಿ ನಿಂತು ಹೀಗಂದವನು ಗಜಮರ್ದನ ಕೋದಂಡಾಚಾರಿ. ಜೀವ ಉಳಿಸ್ಕೊಳ್ಳೋ ವಿದ್ಯೆ ಕಲಿಸೋ ಗುರು ಅಂತ ಹೆಸರು. ಎದೆ ತುಂಬಾ ಪದಕ. ಉಸಿರೆಳೆದ್ರೆ ಸಾಕು, ಗಲಗಲ ಅಂತಿದ್ವು.

ಅವನಿಗಿಂತ ಮುಂಚೆ ಅವನ ಸುದ್ದಿ ಊರಿಗೆ ಬಂದಿತ್ತು. ಡಂಗುರದವರು, ಲಾವಣಿಯವರು ಬೀದಿ ಬೀದೀಲಿ ಹಾಡಿದ್ದೇ ಹಾಡಿದ್ದು. ಸೋಮವಾರದ ಹಾಡಲ್ಲಿ ಅವನು ಕೊಂದಿದ್ದು ಒಂದು ಹುಲಿ. ಸಂತೆ ದಿನದ ಹೊತ್ತಿಗೆ ಅದು ಮೂರಾಗಿತ್ತು, ಜೊತೆಗೊಂದು ಆನೆ.

ದೊರೆ ಬೊಮ್ಮಣ್ಣ ನಾಯಕ ಅದನ್ನೆಲ್ಲ ಕೇಳಿ ಕೇಳಿ ಮರುಳಾಗಿದ್ದ. "ನಮ್ಮ ಗರಡಿ ಇನ್ಮೇಲೆ ಇವರಿಗೆ. ನಾಳೆ ಅರಮನೇಲಿ ಊಟ ಹಾಕಿ ಬೀಗದಕೈ ಕೊಟ್ಬಿಡೋಣ" ಅಂದ.

ಇಷ್ಟು ಕಾಲ ಗರಡಿ ನಡೆಸಿದ ಮುದುಕ ಉಸ್ತಾದ್ ಮಾರಪ್ಪ ಮೂಲೇಲಿ ತಲೆ ತಗ್ಗಿಸಿ ನಿಂತಿದ್ದ. ಕೋಟೆ ಕಾಯೋರೆಲ್ಲ ಅವನ ಕೈಕೆಳಗೆ ಮಣ್ಣು ಮೆತ್ಕೊಂಡು ಕಲಿತವರೇ. ಆದ್ರೆ ಅವನ ಮೇಲೆ ಯಾರೂ ಲಾವಣಿ ಕಟ್ಟಿರಲಿಲ್ಲ.

ಆಸ್ಥಾನದಲ್ಲಿ ಅಳಸಿಂಗಯ್ಯ ಅಂತ ಒಬ್ಬ ಜಾಣ ಇದ್ದ. ಅವನು ಪದಕಗಳ ಹತ್ರ ಬಗ್ಗಿ ನೋಡಿದ.

"ಆಚಾರ್ರೇ, ಇದು ಯಾವ ರಾಜರು ಕೊಟ್ಟಿದ್ದು?"

"ಸಮುದ್ರದ ಆಚೆಯವರು."

"ಇದು?"

"ಅದಕ್ಕಿಂತ ಆಚೆಯವರು."

"ನಿಮ್ಮ ಗುರುಗಳು ಯಾರು?"

"ಹಿಮಾಲಯದಲ್ಲಿದ್ದಾರೆ. ಹೆಸರು ಹೇಳಿದ್ರೆ ಅವರ ತಪಸ್ಸು ಕೆಡುತ್ತೆ."

"ಹಾಗಾದ್ರೆ ಬೇಡಪ್ಪ. ನಿಮಗೆ ಸೋತವರು ಯಾರಾದ್ರೂ?"

"ಸೋತವರು ಹೇಳ್ಕೊಳ್ತಾರಾ? ನಾಚಿಕೆ ಇರಲ್ವಾ?"

"ಅದೂ ನ್ಯಾಯವೇ" ಅಂದ ಅಳಸಿಂಗಯ್ಯ.

"ಸಾಕು ಬಿಡಯ್ಯ ನಿನ್ನ ತನಿಖೆ. ಆಚಾರ್ರೇ, ವಿದ್ಯೆ ತೋರಿಸಿ" ಅಂದ ದೊರೆ.

ಆಚಾರಿಯ ಆರು ಜನ ಶಿಷ್ಯರು ದೊಣ್ಣೆ ಹಿಡ್ಕೊಂಡು ಅವನ ಮೇಲೆ ಓಡಿ ಬಂದ್ರು. ಆಚಾರಿ ಎಡಗೈಯಿಂದ ಮೀಸೆ ನೀವಿ "ಹೂಂ" ಅಂದ. ಆರೂ ಜನ ದಬದಬ ಅಂತ ಬಿದ್ರು. ಸಭೆಯೆಲ್ಲ ಬೆರಗಾಯ್ತು.

ಮಾರಪ್ಪ ಮೆಲ್ಲಗೆ ಕೇಳಿದ, "ನಮ್ಮ ಹುಡುಗ್ರಲ್ಲಿ ಒಬ್ಬನ್ನ ಬಿಡ್ಲಾ ಬುದ್ಧಿ?"

"ಬಿಡಿ. ಆದ್ರೆ ಉಳಿಯಲ್ಲ" ಅಂದ ಆಚಾರಿ. "ನನ್ನ ಶಿಷ್ಯರು ಮೂಲಿಕೆ ತಿಂದವರು, ಅದಕ್ಕೇ ಎದ್ದು ಕೂತಿದ್ದಾರೆ."

"ಬೇಡ ಬೇಡ, ತಾಯಂದಿರ ಶಾಪ ನಮಗ್ಯಾಕೆ" ಅಂದುಬಿಟ್ಟ ದೊರೆ.

ಅಳಸಿಂಗಯ್ಯ ಮಾತ್ರ ಶಿಷ್ಯರನ್ನೇ ನೋಡ್ತಿದ್ದ. ಓಡಿ ಬರುವಾಗ ಅವರ ಕಣ್ಣೆಲ್ಲ ಗುರುವಿನ ಎಡಗೈ ಮೇಲೇ ಇತ್ತು. ಒಬ್ಬನಂತೂ "ಹೂಂ" ಅನ್ನೋಕ್ಕೆ ಮುಂಚೆನೇ ಬಿದ್ದಿದ್ದ.

ಹೊರಗೆ ಬಂದ ಮಾರಪ್ಪ ಕಣ್ಣೊರೆಸ್ಕೊಂಡ. "ಗರಡಿ ಹೋಯ್ತಲ್ಲ ಸ್ವಾಮಿ."

"ಊಟ ಆಗ್ಲಿ ಇರು ಮಾರಣ್ಣ" ಅಂತ ಅಳಸಿಂಗಯ್ಯ ಸೀದಾ ಅಡುಗೆಮನೆಗೆ ಹೋದ. "ಭಟ್ರೇ, ನಾಳೆ ಪಾಯಸ ನೀರಾಗಿರ್ಲಿ. ಎಲೆ ಮೇಲೆ ಹರೀಬೇಕು."

"ದೊರೆ ನನ್ನ ಬೈಯಲ್ವೇನಯ್ಯ?"

"ಬೈದ್ರೆ ನನ್ನ ಹೆಸರು ಹೇಳಿ."

ಮಾರನೇ ದಿನ ಪಂಕ್ತಿ ಕೂತಿತು. ಆಚಾರಿಯನ್ನ ದೊರೆ ಪಕ್ಕ ಕೂರಿಸಿ, ಶಿಷ್ಯರನ್ನ ಎದುರುಸಾಲಿಗೆ ಹಾಕಿದ್ದ ಅಳಸಿಂಗಯ್ಯ. ಪಾಯಸ ಬಂತು. ಎಲೆ ತುದಿಗೆ ಓಡ್ತಿದ್ದ ಪಾಯಸನ ಆಚಾರಿ ಅಂಗೈಲಿ ಬಾಚಿ ಬಾಚಿ ಸೊರ್ ಅಂತ ಹೀರಿದ. ಮೀಸೆಯೆಲ್ಲ ಪಾಯಸ.

ಬಲಗೈ ಎಂಜಲು. ಎಡಗೈಯಿಂದ ಮೀಸೆ ಒರೆಸ್ಕೊಂಡ.

ಎದುರುಸಾಲಿನ ಆರೂ ಜನ ದಬದಬ ಅಂತ ಹಿಂದಕ್ಕೆ ಬಿದ್ರು. ಒಬ್ಬನ ಬಾಯಲ್ಲಿ ಹಪ್ಪಳ ಹಾಗೇ ಇತ್ತು.

"ಏಳ್ರೋ, ಏಳ್ರೋ" ಅಂತ ಆಚಾರಿ ಹಲ್ಲು ಕಚ್ಚಿದ. ಎದ್ರು.

"ಆಚಾರ್ರಿಗೆ ಇನ್ನೊಂದು ಸೌಟು ಬಡಿಸಿ, ಸಂಕೋಚದವರು" ಅಂದ ಅಳಸಿಂಗಯ್ಯ.

ಬೇಡ ಅಂದ್ರೆ ದೊರೆಗೆ ಅವಮಾನ. ಕುಡಿದ. ಮೀಸೆ ತುದೀಲಿ ಒಂದು ಹನಿ ತೂಗಾಡ್ತಾ ಕಚಗುಳಿ ಇಡೋಕ್ಕೆ ಶುರುವಾಯ್ತು. ಆಚಾರಿ ತಡ್ಕೊಂಡ, ತಡ್ಕೊಂಡ, ಕೊನೆಗೆ ಎಡಗೈ ತಾನಾಗೇ ಮೇಲೆ ಹೋಯ್ತು. ಶಿಷ್ಯರು ಮತ್ತೆ ನೆಲದ ಮೇಲೆ.

ಅದರಲ್ಲೊಬ್ಬ ಬಿದ್ದಲ್ಲಿಂದಲೇ ಕೇಳಿದ, "ಗುರುಗಳೇ, ಮಜ್ಜಿಗೆ ಅನ್ನ ಮುಗಿಸ್ಕೊಂಡು ಬೀಳ್ಬಹುದಾ?"

ಪಂಕ್ತಿಯೆಲ್ಲ ನಗೆಯಲ್ಲಿ ಹೊರಳಾಡ್ತು. ದೊರೆಗೆ ಮಾತ್ರ ಮುಖ ಕೆಂಪಾಯ್ತು. "ಗರಡಿ ಮಾರಪ್ಪನದೇ. ಈ ಮನುಷ್ಯನ್ನ ಈಗಲೇ ಗಡಿ ದಾಟಿಸಿ. ಇವನು ಯಾರಿಗೂ ಏನೂ ಕಲಿಸೇ ಇಲ್ಲ."

"ಹಾಗನ್ಬೇಡಿ ದೊರೆ" ಅಂದ ಅಳಸಿಂಗಯ್ಯ. "ಬೀಳೋದನ್ನ ಎಷ್ಟು ಚೆನ್ನಾಗಿ ಕಲಿಸಿದ್ದಾರೆ. ಗಡಿ ದಾಟಿಸಿ, ಆದ್ರೆ ಪಲ್ಲಕ್ಕೀಲಿ ಕೂರಿಸಿ, ಶಾಲು ಹೊದಿಸಿ ಕಳಿಸಿ. ಪಕ್ಕದ ಶತ್ರು ರಾಜ ನೋಡಿ ಆಸೆಪಟ್ಟು ತನ್ನ ಸೈನ್ಯಕ್ಕೆಲ್ಲ ಇವರನ್ನೇ ಗುರು ಮಾಡ್ಕೊಳ್ಳಲಿ."

"ಮಾಡ್ಕೊಂಡ್ರೆ?"

"ಅವರು ದಂಡೆತ್ತಿ ಬಂದ ದಿನ ನೀವು ಕೋಟೆ ಮೇಲೆ ನಿಂತು ಒಂದು ಲೋಟ ಪಾಯಸ ಕುಡಿದು ಮೀಸೆ ಒರೆಸ್ಕೊಂಡ್ರೆ ಸಾಕು ದೊರೆ."